ಆಗ ಮಗು ಏನು ಮಾಡುತ್ತಿತ್ತು

ಜೂನ್ ೧೨, ಸೋಮವಾರ

ಇವತ್ತು ಶಾಲೆಯ ವಾಚ್‌ಮನ್‌ನ ಕಪಾಳಕ್ಕೆ ಒಂದು ಬಿಟ್ಟೆ. ಬಿಡಬೇಕಾಗಿದ್ದದ್ದು ಹೆಡ್‌ಮಿಸ್ಸಿಗೆ, ಆದರೆ ಗೇಟಿನಲ್ಲಿ ಸಿಕ್ಕವನು ಅವನು.

ರಜೆ ಮುಗಿದು ಶಾಲೆ ಶುರುವಾದ ಮೊದಲ ದಿನವೇ ಏಳು ವರ್ಷದ ಕೂಸನ್ನು ಪ್ರಾರ್ಥನೆಗೆಂದು ಬಿಸಿಲಲ್ಲಿ ನಿಲ್ಲಿಸಿದ್ದಾರೆ. ನನ್ನ ಮಗಳು ಪಿಂಕಿ ಬಿದ್ದಿದ್ದಾಳೆ. ಫೋನ್ ಬಂದಾಗ ನಾನು ಅಬಿಡ್ಸ್‌ನಲ್ಲಿ, ನಮ್ಮ ಸೇಠರ ನೋಟ್‌ಬುಕ್ ಅಂಗಡಿಯ ಗೋಡೌನಿನಲ್ಲಿದ್ದೆ. ಆಟೋ ಹಿಡಿದು ತಾರ್ನಾಕದ ಶಾಲೆಗೆ ಓಡಿ ಬಂದರೆ ಈ ಪುಣ್ಯಾತ್ಮ ಮೊದಲು ರಿಜಿಸ್ಟರಿನಲ್ಲಿ ಸಹಿ ಮಾಡು ಅನ್ನುತ್ತಾನೆ. ಮಾಡಿದೆ ಸಹಿ, ಅವನ ಕೆನ್ನೆಯ ಮೇಲೆ.

ಒಳಗೆ ಪಿಂಕಿ ಬೆಂಚಿನ ಮೇಲೆ ಮಲಗಿದ್ದಳು. ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಿತ್ತು. ಏನು ತಿಂದಿ, ಬೊಗಳು ಅಂತ ಗದರಿದೆ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ತುಟಿ ಇನ್ನೂ ಕಪ್ಪಾಯಿತು. ಬಿಸಿಲಿನ ಝಳ, ಮತ್ತೇನಲ್ಲ. ನಾಳೆ ನಾಡಿದ್ದರಲ್ಲಿ ಆಸ್ಪತ್ರೆಗೆ ತೋರಿಸಬೇಕು ಅಂತ ವಿಜಯಶ್ರೀ ಹಟ ಹಿಡಿದಿದ್ದಾಳೆ. ನನ್ನ ಹೆಂಡತಿಗೆ ಹಟ ಹಿಡಿಯುವುದೊಂದು ಚೆನ್ನಾಗಿ ಬರುತ್ತದೆ.

ಅಂಗಡಿಯಲ್ಲಿ ಹೊಸ ವರ್ಷದ ಡೈರಿಗಳು ಉಳಿದಿವೆ. ಒಂದನ್ನು ಎತ್ತಿಕೊಂಡು ಬಂದೆ. ಈ ಮನೆಯಲ್ಲಿ ನಾನು ಬಾಯಿ ತೆಗೆದರೆ ಎಲ್ಲರೂ ಮುಖ ತಿರುಗಿಸುತ್ತಾರೆ. ಡೈರಿ ತಿರುಗಿಸುವುದಿಲ್ಲ.

ಜೂನ್ ೧೫, ಗುರುವಾರ

ಪಿಂಕಿಯ ಹೃದಯದಲ್ಲಿ ತೂತಿದೆ. ಹುಟ್ಟಿದಾಗಿನಿಂದ ಇದ್ದದ್ದೇ. ಮುಚ್ಚಿಯೇ ಇಲ್ಲವಂತೆ.

ಡಾಕ್ಟರ್ ನಳಿನಿ ಮೈಸೂರಿನವರು, ಮೆಲ್ಲಗೆ ಮಾತಾಡುತ್ತಾರೆ. ಅಷ್ಟು ಮೆಲ್ಲಗೆ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಳೆಯ ಮೇಲೆ ನಾಲ್ಕು ಕೋಣೆ ಬರೆದು, ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟರು.

“ಎಡಗಡೆ ಕೋಣೆಗೆ ಒತ್ತಡ ಜಾಸ್ತಿ, ಮೈಗೆಲ್ಲ ರಕ್ತ ತಳ್ಳೋದು ಅದು. ಗೋಡೇಲಿ ತೂತಿದ್ರೆ ರಕ್ತ ಬಲಗಡೆಗೆ ನುಗ್ಗಿ ಶ್ವಾಸಕೋಶಕ್ಕೆ ಹೋಗುತ್ತೆ. ನುಗ್ಗುವಾಗ ಸದ್ದಾಗುತ್ತೆ. ಎದೆ ಮೇಲೆ ಕೈಯಿಟ್ರೂ ಗೊತ್ತಾಗುತ್ತೆ.”

“ಗೊತ್ತೈತ್ರಿ ಮೇಡಮ್. ಕೂಸಿದ್ದಾಗ ಗುಂಯ್ ಅಂತಿತ್ತು. ಎರಡೂವರಿ ವರ್ಷಕ್ಕ ನಿಂತುಹೋತು. ಅಲ್ಲಿಗೆ ತೂತು ಮುಚ್ಚಿತು.”

“ಮುಚ್ಚಲಿಲ್ಲ. ಚಿಕ್ಕ ತೂತೇ ಜೋರಾಗಿ ಸದ್ದು ಮಾಡೋದು. ಅಂಥವು ಎಷ್ಟೋ ಮಕ್ಕಳಲ್ಲಿ ತಾವೇ ಮುಚ್ಚಿಕೊಳ್ತವೆ, ಕೆಲವರು ಅದನ್ನ ಇಟ್ಟುಕೊಂಡೇ ಮುದುಕರಾಗ್ತಾರೆ. ಇವಳದು ದೊಡ್ಡದು. ವರ್ಷಗಟ್ಟಲೆ ಏಟು ತಿಂದು ತಿಂದು ಶ್ವಾಸಕೋಶದ ರಕ್ತನಾಳ ಗಟ್ಟಿಯಾಗಿವೆ. ಈಗ ಎರಡೂ ಕಡೆ ಒತ್ತಡ ಹೆಚ್ಚು ಕಡಿಮೆ ಸಮ. ಅದಕ್ಕೇ ಸದ್ದು ನಿಂತಿರೋದು.”

ವಿಜಯಶ್ರೀ ಕೇಳಿದಳು: “ಈಗ ಮುಚ್ಚಾಕ ಬರೂದಿಲ್ಲೇನ್ರಿ?”

“ನಾಳಗಳು ಇನ್ನೂ ಸ್ವಲ್ಪ ಮೆತ್ತಗಿದ್ರೆ ಮುಚ್ಚಬಹುದು. ಪೂರ್ತಿ ಗಟ್ಟಿಯಾಗಿದ್ರೆ ಮುಚ್ಚೋ ಹಾಗಿಲ್ಲ. ಆಗ ಆ ತೂತೇ ಹೃದಯಕ್ಕೆ ಉಳಿದಿರೋ ದಾರಿ, ಅದನ್ನ ಮುಚ್ಚಿದ್ರೆ ಮಗು ಉಳಿಯಲ್ಲ. ತೊಡೆಯಿಂದ ನಳಿಗೆ ಹಾಕಿ ಒಂದು ಪರೀಕ್ಷೆ ಮಾಡಬೇಕು. ಅದಕ್ಕೆ ಮೊದಲು ಮೂರು ವಾರ ಮಾತ್ರೆ ಕೊಟ್ಟು ನೋಡೋಣ.”

ಒಂದು ಫಾರಮ್ಮು ಕೊಟ್ಟಿದ್ದಾರೆ. ತುಟಿ ನೀಲಿಯಾದಾಗಲೆಲ್ಲ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಬರೆಯಬೇಕು. ತಾರೀಖು, ಹೊತ್ತು, ಯಂತ್ರ ತೋರಿಸಿದ ಅಂಕಿ. ಕೊನೆಯ ಕಾಲಮ್ಮು: ಆಗ ಮಗು ಏನು ಮಾಡುತ್ತಿತ್ತು. ಇದ್ದದ್ದು ಇದ್ದಂತೆ ಬರೆಯಿರಿ, ಮುಂದಿನ ದಾರಿ ಇದರ ಮೇಲೆ ನಿಂತಿದೆ ಅಂದರು. ಕೊರೋನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲೇ ಇದೆ. ಅಕ್ಷರ ನನ್ನದು ಚೆನ್ನಾಗಿದೆ, ನಾನೇ ಬರೆಯುತ್ತೇನೆ ಅಂದೆ.

ಮನೆಗೆ ಬಂದವನೇ ಅವ್ವನ ದೇವರ ಜಗುಲಿಗೆ ಕೈ ಹಾಕಿದೆ. ಎಲ್ಲದಕ್ಕೂ ಮೂಲ ಅವ್ವ. ಎದೆಯ ಗುಂಯ್ ನಿಂತರೆ ಕೂಸಿನ ತೂಕದ ಬೆಲ್ಲ ಕೊಡುತ್ತೇನೆಂದು ಲಿಂಗಸುಗೂರಿನ ನಮ್ಮ ಹಣಮಪ್ಪನಿಗೆ ಹರಕೆ ಹೊತ್ತವಳು ಅವಳು. ನಿಂತಿತು, ಕೊಟ್ಟೆವು, ಓಣಿಗೆಲ್ಲ ಬೆಲ್ಲ ಹಂಚಿದೆವು. ನಮ್ಮ ಮನೆಯಲ್ಲಿ ಹರಕೆ ತೀರಿಸಿದ ಮೇಲೆ ಆ ಜಡ್ಡಿನ ಹೆಸರು ಎತ್ತುವಂತಿಲ್ಲ, ಮತ್ತೆ ಡಾಕ್ಟರಿಗೆ ತೋರಿಸುವಂತಿಲ್ಲ. ತೋರಿಸಿದರೆ ದೇವರನ್ನು ಸುಳ್ಳ ಅಂದಂತೆ. ಆರು ತಿಂಗಳಿಗೊಮ್ಮೆ ತರಬೇಕು ಅಂತ ರಾಯಚೂರಿನ ಡಾಕ್ಟರು ಬರೆದುಕೊಟ್ಟಿದ್ದ ಫೈಲು ಅವತ್ತಿನಿಂದ ಜಗುಲಿಯ ಕೆಳಗೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕೂತಿದೆ.

ಹಿತ್ತಾಳೆಯ ಗಂಟೆ ಕೈಗೆ ಸಿಕ್ಕಿತು, ಒಗೆದೆ. ಗೋಡೆಗೆ ಒಗೆದದ್ದು ಅವ್ವನ ಹುಬ್ಬಿಗೆ ತಾಗಿತು. ರಕ್ತ ಕಣ್ಣಿಗಿಳಿದರೂ ಅವಳು ಅಳಲಿಲ್ಲ.

“ಒಗಿ, ಇನ್ನೂ ಆರತಿ ತಟ್ಟಿ ಐತಿ, ಅದನ್ನೂ ಒಗಿ” ಅಂದಳು. “ನಿಮ್ಮಪ್ಪ ಬರೇ ಕೈಯಾಗ ಹೊಡೀತಿದ್ದ. ನೀ ದೇವರ ಗಂಟಿ ಹಿಡಿದಿ.”

ಜಗುಲಿಯನ್ನೇ ಕಿತ್ತು ಕೆಡವಿದೆ. ಆಮೇಲೆ ನೋಡಿದರೆ ಪಿಂಕಿ ಇಲ್ಲ. ಮಂಚದ ಕೆಳಗೆ ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು. ವಿಜಯಶ್ರೀ ಎಳೆದು ತೆಗೆದು ಯಂತ್ರ ಸಿಕ್ಕಿಸಿದಳು. ೮೪. ಡಾಕ್ಟರ ಕೋಣೆಯಲ್ಲಿ ೯೫ ಇತ್ತು.

ಫಾರಮ್ಮಿನ ಮೊದಲ ಸಾಲು ಬರೆದೆ. ಸಂಜೆ ಆರು, ೮೪, ಸುಮ್ಮನೆ ಕೂತಿದ್ದಳು. ಕೂತಿದ್ದಳು ಹೌದಲ್ಲ. ಮನೆಯ ಮಾತು ಡಾಕ್ಟರಿಗೆ ಯಾಕೆ.

ಜೂನ್ ೧೮, ಭಾನುವಾರ

ಅವ್ವನ ಹುಬ್ಬಿಗೆ ಮೂರು ಹೊಲಿಗೆ. ಬಚ್ಚಲಲ್ಲಿ ಜಾರಿದೆ ಅಂತ ಅವಳೇ ಹೇಳಿದಳಂತೆ. ಹೇಳಲಿ, ನಾನು ಹೇಳೆಂದಿರಲಿಲ್ಲ.

ಇವತ್ತು ಚಹಾ ಕೊಡುತ್ತ ಕೇಳಿದಳು: “ನಾ ಹರಕಿ ಹೊತ್ತೆ, ಖರೆ. ನಿಂತೈತಿ ಅಂತ ಕೈಯಿಟ್ಟು ನೋಡಿ ಹೇಳಿದವರು ಯಾರಪಾ?”

ಲೋಟ ಅವಳ ಕಾಲ ಬುಡಕ್ಕೆ ಒಗೆದು ಎದ್ದು ಬಂದೆ. ಗುಂಯ್ ನಿಂತದ್ದು ಯುಗಾದಿಯ ದಿನ. ಎಣ್ಣೆ ಹಚ್ಚಿ ಎರೆದು ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದ್ದರು. ಎದೆಯ ಮೇಲೆ ಅಂಗೈ ಇಟ್ಟೆ. ದಿನಾ ಅಂಗೈಗೆ ತಾಗುತ್ತಿದ್ದ ಆ ನಡುಕ ಇರಲಿಲ್ಲ. ಅವ್ವಾ ನಿಂತೈತಿ ಬಾ ಅಂತ ಕೂಗಿದವನು ನಾನಿರಬಹುದು. ಖುಷಿಗೆ ಕೂಗಿದೆ. ಕೂಗುವುದು ತಪ್ಪೇ. ಫೈಲಿಗೆ ಕುಂಕುಮ ಹಚ್ಚಿದವಳು ಅವಳು.

ಜೂನ್ ೨೨, ಗುರುವಾರ

ಅಂಗಡಿಯಲ್ಲಿ ಹಮಾಲಿಯೊಬ್ಬ ನೋಟ್‌ಬುಕ್ಕಿನ ಬಂಡಲನ್ನು ನೀರಿನಲ್ಲಿ ಇಳಿಸಿದ. ಕೊರಳಪಟ್ಟಿ ಹಿಡಿದೆ. ಅವನೂ ಹಿಡಿದ. ಸೇಠ್ ಎಲ್ಲರೆದುರಿಗೆ “ರಾಯಸಾಬ್, ಹಾಥ್ ಸಂಭಾಲೋ” ಅಂದರು. ಕೈ ಅಂಕೆಯಲ್ಲಿಟ್ಟುಕೋ ಅಂತೆ. ಹದಿನಾಲ್ಕು ವರ್ಷ ದುಡಿದವನಿಗೆ ಹಮಾಲಿಯ ಮುಂದೆ ಬುದ್ಧಿ ಹೇಳುತ್ತಾರೆ.

ಆ ಸಿಟ್ಟು ಬಸ್ಸಿನಲ್ಲಿ ಇಳಿಯಲಿಲ್ಲ. ಊಟಕ್ಕೆ ಕೂತೆ. ರೊಟ್ಟಿ ಆರಿತ್ತು. ಬಿಸಿ ರೊಟ್ಟಿ ಹಾಕಲು ಏನು ಧಾಡಿ ಅಂದೆ. “ಪಿಂಕಿಗೆ ಮಾತ್ರಿ ಕೊಡಾಕತ್ತಿದ್ದೆ” ಅಂದಳು ವಿಜಯಶ್ರೀ. ಮಾತ್ರೆಯ ಮಾತು ಎತ್ತಿದರೆ ನಾನು ಬಾಯಿ ಮುಚ್ಚುತ್ತೇನೆ ಅಂತ ಅವಳ ಲೆಕ್ಕ. ತಟ್ಟೆ ಒಗೆದೆ. ಬಲಗೈ ಹಿಡಿದು ಹಿಂದಕ್ಕೆ ತಿರುಚಿದೆ. ಏನೋ ಲಟಕ್ ಅಂದಿತು. ಕೆಳಗೆ ಬಿದ್ದಳು, ಬಿದ್ದ ಮೇಲೂ ಎರಡು ಒದ್ದೆ.

ಅವಳ ಸೊಕ್ಕು ನೋಡಬೇಕಿತ್ತು. ಹೊಡೆಯುತ್ತಿದ್ದರೆ ನನ್ನ ಕಡೆ ನೋಡುತ್ತಲೇ ಇಲ್ಲ. ತೆವಳಿಕೊಂಡು ಹೋಗಿ, ಎಡಗೈಯಿಂದ ಪಿಂಕಿಯ ಬೆರಳಿಗೆ ಯಂತ್ರ ಸಿಕ್ಕಿಸುತ್ತಿದ್ದಾಳೆ. ಗಂಡ ಎದುರಿಗೆ ನಿಂತು ಕೂಗುತ್ತಿದ್ದರೆ ಅವಳ ಕಣ್ಣು ಅಂಕಿಯ ಮೇಲೆ. ನನ್ನ ಪಿತ್ತ ನೆತ್ತಿಗೇರಿತು.

೮೨. ಊಟಕ್ಕೆ ಕೂತಿದ್ದಳು ಅಂತ ಬರೆದೆ.

ಜೂನ್ ೨೩, ಶುಕ್ರವಾರ

ಬಲಗೈ ಎತ್ತಲು ಬರುವುದಿಲ್ಲವಂತೆ. ನಾಟಕ. ಮಧ್ಯಾಹ್ನ ತಾನೇ ಆಸ್ಪತ್ರೆಗೆ ಹೋಗಿ ಕೊರಳಿನಿಂದ ಕೈಗೆ ಜೋಳಿಗೆ ಕಟ್ಟಿಸಿಕೊಂಡು ಬಂದಿದ್ದಾಳೆ. ರೊಟ್ಟಿ ಅವ್ವ ಬಡಿದಳು.

ಜೂನ್ ೨೯, ಗುರುವಾರ

ಸೋಮವಾರದಿಂದ ಅಂಗಡಿಯ ಕೆಲಸಕ್ಕೆ ವಿಜಯವಾಡದಲ್ಲಿದ್ದೆ. ಇವತ್ತು ಬಂದೆ. ವಿಜಯಶ್ರೀ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ನಾಲ್ಕು ಸಲ ಅಂಕಿ ಬರೆದಿಟ್ಟಿದ್ದಾಳೆ. ೯೫, ೯೪, ೯೫, ೯೫. ಮೂರೂ ದಿನ ಒಂದು ಸಲವೂ ಇಳಿದಿಲ್ಲ. ಪಿಂಕಿ ಎದುರುಮನೆಯವರ ಜೊತೆ ಕುಂಟಾಬಿಲ್ಲೆ ಆಡಿದಳಂತೆ, ಅವ್ವನಿಗೆ ಹಾಡು ಹೇಳಿಕೊಟ್ಟಳಂತೆ. ಮಾತ್ರೆ ಹತ್ತುತ್ತಿದೆ. ಒಳ್ಳೆಯ ಮಾತ್ರೆ.

ಅವಳಿಗೆಂದು ಪೂತರೇಕುಲು ತಂದಿದ್ದೆ, ಹಾಳೆಯ ಹಾಗಿರುವ ಆ ಆಂಧ್ರದ ಸಿಹಿ. ಬಾಗಿಲಲ್ಲೇ ಪಿಂಕಿ ಅಂತ ಕೂಗಿದೆ. ಹಾಡು ನಿಂತಿತು. ಸಿಹಿ ಇಸಿದುಕೊಂಡು ಅವ್ವನ ಹಿಂದೆ ನಿಂತು ತಿಂದಳು. ಸಂಜೆ ಯಂತ್ರ ಹಾಕಿದರೆ ೯೧. ಸಿಹಿ ತಿಂದರೆ ಇಳಿಯುತ್ತದೆಯೋ ಏನೋ, ಡಾಕ್ಟರನ್ನು ಕೇಳಬೇಕು.

ಜುಲೈ ೨, ಭಾನುವಾರ

ವಿಜಯಶ್ರೀಯ ತಮ್ಮ ಮೋಹನ ಬಂದಿದ್ದ. ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿಸುತ್ತಾನೆ, ನಾಲ್ಕು ಜನ ಸಾರ್ ಅಂದಿದ್ದಕ್ಕೆ ಕೊಂಬು ಬಂದಿವೆ. ಅಕ್ಕನ ಜೋಳಿಗೆ ನೋಡಿದ.

“ಅಕ್ಕಾ, ಕೈಗೇನಾಗೈತಿ?”

“ಬಿದ್ದೆ.”

“ಬಿದ್ದಿಯೋ, ಕೆಡವಿದರೋ?”

ನನ್ನ ಮನೆಯಲ್ಲಿ, ನನ್ನ ಕುರ್ಚಿಯ ಮೇಲೆ ಕೂತು. ಎದ್ದು ಬಾಯಿಗೆ ಗುದ್ದಿದೆ. ಅವನು ನನ್ನನ್ನು ಗೋಡೆಗೆ ತಳ್ಳಿದ. ಬಟ್ಟೆ ಒಗೆಯುವ ಬಡಿಗೆ ಸಿಕ್ಕಿತು. ಭುಜಕ್ಕೆ ಒಂದು, ಬೆನ್ನಿಗೆ ಒಂದು. ಅವನ ಹಲ್ಲು ಒಡೆದು ಅಂಗಿಯೆಲ್ಲ ರಕ್ತ. ಮೂರನೆಯದು ತಲೆಗೆ ಎತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆಗ ಅವ್ವ ಕಿರುಚಿದಳು. ನನಗಲ್ಲ. “ಕೂಸು ಹೋತು” ಅಂತ.

ಪಿಂಕಿ ಬಾಗಿಲ ಸಂದಿಯಲ್ಲಿ ಬಿದ್ದಿದ್ದಳು. ಮುಖ ಬೂದಿ, ತುಟಿ ಕಪ್ಪು, ಉಗುರು ಕಪ್ಪು. ಕಣ್ಣು ಅರ್ಧ ತೆರೆದಿತ್ತು. ಯಂತ್ರ ೭೧ ತೋರಿಸಿತು, ಆಮೇಲೆ ಏನನ್ನೂ ತೋರಿಸಲಿಲ್ಲ. ವಿಜಯಶ್ರೀ ಒಂದೇ ಕೈಯಲ್ಲಿ ಅವಳನ್ನು ಎದೆಗೆ ಒತ್ತಿಕೊಂಡು ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ನಾನು ಹತ್ತಿರ ಹೋದೆ. ಮೋಹನ ರಕ್ತ ಉಗುಳಿ ಅಡ್ಡ ನಿಂತ. “ಮಾಮಾ, ಹೊರಗ ಹೋಗ್ರಿ. ನಿಮ್ಮ ಕಾಲು ಹಿಡೀತೀನಿ, ಹೊರಗ ಹೋಗ್ರಿ.” ಹೊಡೆಸಿಕೊಂಡವನು ಕಾಲು ಹಿಡಿಯುತ್ತೇನೆ ಅಂದ. ಬಡಿಗೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತೆ.

ಹತ್ತು ನಿಮಿಷಕ್ಕೆ ೮೫, ಅರ್ಧ ಗಂಟೆಗೆ ೯೩ ಅಂತ ಅವ್ವ ಒಳಗಿನಿಂದ ಹೇಳಿದಳು. ನನಗೆ ಜ್ವರ ಬರುವಂತಿದೆ.

ಫಾರಮ್ಮಿನಲ್ಲಿ ಟಿವಿ ನೋಡುತ್ತಿದ್ದಳು ಅಂತ ಬರೆದೆ. ಟಿವಿ ಹಚ್ಚಿದ್ದಂತೂ ಖರೆ.

ಜುಲೈ ೬, ಗುರುವಾರ

ಡಾಕ್ಟರ್ ನಳಿನಿ ಫಾರಮ್ಮನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಏಳು ಸಲ ಇಳಿದಿದೆ. ಏಳು ಸಲವೂ ಸುಮ್ಮನಿದ್ದಾಗ. ಕೂತಿದ್ದಳು, ಊಟ, ಟಿವಿ. ಓಡಿದಾಗ ಇಲ್ವಾ? ಅತ್ತಾಗ, ಹೆದರಿದಾಗ?”

“ಇಲ್ರಿ. ಬರದೀನಲ್ರಿ” ಅಂದೆ.

“ಹಣಮಂತರಾಯರೇ, ಓಡಿದಾಗಲೋ ಅತ್ತಾಗಲೋ ನೀಲಿಯಾದರೆ ನಾಳಗಳಲ್ಲಿ ಇನ್ನೂ ಜೀವ ಇದೆ, ಬಿಗಿಯುತ್ತೆ, ಸಡಿಲಾಗುತ್ತೆ ಅಂತ ಆಸೆ ಇಟ್ಟುಕೊಬಹುದು. ಕೂತಲ್ಲೇ ಎಪ್ಪತ್ತೊಂದಕ್ಕೆ ಇಳಿದರೆ ಸಮಯ ಮೀರಿದೆ ಅಂತ ಅರ್ಥ. ಇಂಥ ಮಗುವಿಗೆ ನಳಿಗೆ ಹಾಕೋ ಪರೀಕ್ಷೆಯೇ ಅಪಾಯ. ಮುಚ್ಚೋ ಮಾತು ಬಿಡೋಣ. ಮಾತ್ರೆ ಮುಂದುವರಿಸೋಣ, ಇರೋ ಅಷ್ಟು ದಿನ ಚೆನ್ನಾಗಿರಲಿ.”

ಇರುವಷ್ಟು ದಿನ ಅಂದರೆ ಎಷ್ಟು ಅಂತ ಕೇಳಿದೆ. ಕೆಲವರು ಮೂವತ್ತು ವರ್ಷ ದಾಟುತ್ತಾರೆ, ಕೆಲವರು ದಾಟುವುದಿಲ್ಲ ಅಂದರು. ಓಡುವಂತಿಲ್ಲ, ಮುಂದೆ ಬಸುರಿಯಾಗುವಂತಿಲ್ಲ.

ಆಮೇಲೆ ವಿಜಯಶ್ರೀಯ ಕಡೆ ತಿರುಗಿದರು. “ಅಮ್ಮಾ, ನೀವು ಮನೇಲಿರೋರು. ನೀವು ಹೇಳಿ.”

ವಿಜಯಶ್ರೀ ಡಾಕ್ಟರರನ್ನು ನೋಡಲಿಲ್ಲ. ಮೇಜಿನ ಮೇಲಿದ್ದ ನನ್ನ ಕೈಯನ್ನು ನೋಡಿದಳು. “ಅವರು ಬರದಾರಲ್ರಿ, ಅದೇ” ಅಂದಳು. ಡಾಕ್ಟರರ ಕಣ್ಣು ಅವಳ ಜೋಳಿಗೆಯ ಮೇಲೆ ಒಂದು ಗಳಿಗೆ ನಿಂತಿತು. ನಾನು ಎದ್ದೆ.

ಮೆಟ್ರೋದಲ್ಲಿ ಪಿಂಕಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬೆರಳಿನಿಂದ ಗಾಜಿನ ಮೇಲೆ ಬರೆದುಕೊಳ್ಳುತ್ತಿದ್ದಳು. ಅಂಕಿ ಬರೆಯುತ್ತಿದ್ದಳು. ಇವತ್ತು ನಾನು ಯಾರ ಮೇಲೂ ಕೈ ಮಾಡಲಿಲ್ಲ, ಬೇಕಾದರೆ ಕೇಳಲಿ.

ಜುಲೈ ೭, ಶುಕ್ರವಾರ

ಅಡುಗೆಮನೆಯ ಕ್ಯಾಲೆಂಡರ್ ನೋಡಿದೆ. ಜೂನ್ ತಿಂಗಳ ಹಾಳೆ ಹರಿಯದೆ ಹಿಂದಕ್ಕೆ ಮಡಚಿ ಇಟ್ಟಿದ್ದಾಳೆ. ಇಳಿದ ಅಂಕಿಗಳ ಪಕ್ಕದಲ್ಲೆಲ್ಲ ಸಣ್ಣದಾಗಿ, ಅವತ್ತು ನನ್ನ ಕಣ್ಣಿಗೆ ಬೀಳದ ಒಂದೇ ಅಕ್ಷರ: ಹ. ೧೫ನೇ ತಾರೀಖು ೮೪ ಹ. ೨೨ನೇ ತಾರೀಖು ೮೨ ಹ. ಇಪ್ಪತ್ತಾರರಿಂದ ಇಪ್ಪತ್ತೆಂಟು, ನಾನು ಊರಲ್ಲಿಲ್ಲದ ದಿನ, ಬರೀ ೯೫, ೯೪, ಹ ಇಲ್ಲ. ಜುಲೈ ೨, ೭೧, ಹ.

ಇದೇನಿದು ಅಂತ ಕೇಳಿದೆ. ಅವಳು ಎಡಗೈಯಲ್ಲಿ ಬೇಳೆ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ನಿಮ್ಮ ಹೆಸರು. ಪೂರ್ತಿ ಬರೀಲಿಕ್ಕೆ ಜಾಗ ಇರಲಿಲ್ಲ.”

“ಡಾಕ್ಟರ್ ಮುಂದ ಯಾಕ ಬಾಯಿ ಬಿಡಲಿಲ್ಲ ಮತ್ತ?”

“ಬಿಟ್ಟಿದ್ದರ ಮನಿಗೆ ಬಂದು ಸುಮ್ಮನಿರ್ತಿದ್ದಿರೇನು? ಒಂದು ಕೈ ಉಳದೈತಿ ನನಗ. ಕೂಸಿಗೆ ಮಿಷನ್ ಹಾಕಾಕ ಅದು ಬೇಕು.”

ಕ್ಯಾಲೆಂಡರ್ ಹರಿದು ಅವಳ ಮುಖಕ್ಕೆ ಒಗೆದು ಕೈ ಎತ್ತಿದೆ. ಅಷ್ಟರಲ್ಲಿ ಹಿಂದಿನಿಂದ ಪಿಂಕಿಯ ದನಿ ಬಂತು.

“ಅಪ್ಪಾ, ತಡಿ. ಮಿಷನ್ ಹಾಕ್ಕೊಂತೀನಿ. ಆಮ್ಯಾಲ ಹೊಡಿ.”

ಮಂಚದ ಮೇಲೆ ಕೂತು ತಾನೇ ಯಂತ್ರವನ್ನು ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಮಾತ್ರೆ ನುಂಗುವಾಗ ನೀರಿನ ಲೋಟ ಹಿಡಿದುಕೊಳ್ಳುವಷ್ಟೇ ಸಲೀಸಾಗಿ. ಸಿಕ್ಕಿಸಿಕೊಂಡು ನನ್ನ ಕಡೆ ಬೆರಳು ಚಾಚಿದಳು. ತುಟಿ ಆಗಲೇ ಬಣ್ಣ ತಿರುಗಿತ್ತು. “ಈಗ ಬರಕೋ” ಅಂದಳು.

೮೮ ಇತ್ತು. ನಾನು ನೋಡುತ್ತಿದ್ದಂತೆ ೮೬ ಆಯಿತು.

ಎತ್ತಿದ ಕೈಯನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಹೊರಗೆ ಹೋದೆ. ಹತ್ತಿರದ ವಿಶ್ವವಿದ್ಯಾಲಯದ ಒಳಗಿನ ರಸ್ತೆಯಲ್ಲಿ ಸಂಜೆಯ ತನಕ ನಡೆದೆ. ಅಲ್ಲೊಂದು ಮರಕ್ಕೆ ಗುದ್ದಿ ಗೆಣ್ಣು ಒಡೆದುಕೊಂಡಿದ್ದೇನೆ, ಅದಕ್ಕೇ ಇವತ್ತಿನ ಅಕ್ಷರ ಹೀಗಿದೆ.

ಜುಲೈ ೮, ಶನಿವಾರ

ಎಂಟು ಗಂಟೆಗೇ ಆಸ್ಪತ್ರೆಗೆ ಹೋದೆ, ಒಬ್ಬನೇ. ಹನ್ನೆರಡರವರೆಗೆ ಕೂಡಿಸಿದರು. ಯಾರಿಗೂ ಜಗಳ ಹಚ್ಚಲಿಲ್ಲ.

ಹೇಳಬೇಕಾದ್ದನ್ನು ನಾಲ್ಕು ತಾಸು ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಡಾಕ್ಟರ ಎದುರು ಕೂತೆ. ಹರಿದ ಕ್ಯಾಲೆಂಡರನ್ನು ಮೇಜಿನ ಮೇಲೆ ಜೋಡಿಸಿದೆ.

“ಈ ಹ ಅಂದ್ರೆ ಏನು?”

“ನಾನ್ರಿ. ಸುಮ್ಮ ಕುಂತಿದ್ದಿಲ್ರಿ ಕೂಸು. ನಾ ಹೊಡಿಯಾಕತ್ತಿದ್ದೆ. ಆಕಿನ್ನಲ್ಲ, ಆಕಿ ಅವ್ವನ್ನ. ನಮ್ಮವ್ವನ್ನ. ಆಕಿ ಮಾಮನ್ನ. ಏಳು ಸಲನೂ ನಾನ.”

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಅವರು ಹೊಸ ಫಾರಮ್ಮು ನನ್ನ ಕಡೆ ಸರಿಸಿದರು.

“ಬರೀರಿ. ಏಳೂ. ನಿಮ್ಮ ಕೈಯಲ್ಲೇ.”

ಬರೆದೆ. ಗಂಟೆ ಒಗೆದೆ, ಮಂಚದ ಕೆಳಗಿದ್ದಳು. ಕೈ ತಿರುಚಿದೆ, ನೋಡುತ್ತಿದ್ದಳು. ಬಡಿಗೆ ಎತ್ತಿದೆ, ಬಿದ್ದಳು. ಓದಿ ಅವರು ಅದನ್ನು ಪಿಂಕಿಯ ಫೈಲಿಗೆ ಸೇರಿಸಿದರು.

“ಸುಳ್ಳು ಫಾರಮ್ ನಂಬಿ ನಾನು ಈ ಮಗುವಿನ ಫೈಲ್ ಮುಚ್ಚಿದ್ದೆ. ಈಗ ಪರೀಕ್ಷೆ ಮಾಡ್ತೀನಿ. ಆದರೆ ಸೋಮವಾರ ನಮ್ಮ ಸಮಾಲೋಚಕರು ನಿಮ್ಮ ಹೆಂಡತಿ ಜೊತೆ ಒಬ್ಬರೇ ಮಾತಾಡ್ತಾರೆ. ನಿಮ್ಮ ಹೆಂಡತಿ ಪೊಲೀಸರಿಗೆ ಹೇಳಬೇಕು ಅಂದ್ರೆ ಹೇಳ್ತೀವಿ. ನೀವು ಆ ಮನೇಲಿ ಇರಬಾರದು. ಹೆದರಿಕೆಗೆ ಅವಳ ಶ್ವಾಸಕೋಶ ಬಿಗಿಯುತ್ತೆ. ಒಂದಲ್ಲ ಒಂದು ಸಲ ಅದು ಸಡಿಲಾಗಲ್ಲ.”

ನನ್ನದೇ ಮನೆಯಿಂದ ನನ್ನನ್ನು ಎಬ್ಬಿಸುತ್ತಾರೆ. ಇಷ್ಟು ಹೇಳಿದ್ದಕ್ಕೆ ಒಳ್ಳೆಯದು ಮಾಡಿದಿರಿ ಅನ್ನುವ ಒಂದು ಮಾತಿಲ್ಲ. ಬಾಗಿಲು ಜೋರಾಗಿ ಹಾಕಬೇಕೆಂದು ಹಿಡಿಕೆ ಹಿಡಿದೆ. ಹೊರಗೆ ಬೆಂಚಿನ ತುಂಬ ಕೂಸುಗಳಿದ್ದವು. ಮೆಲ್ಲಗೆ ಹಾಕಿ ಬಂದೆ.

ಜುಲೈ ೨೦, ಗುರುವಾರ

ಗೋಡೌನಿನ ಮೇಲಿನ ಕೋಣೆಯಲ್ಲಿದ್ದೇನೆ. ಸೇಠ್ ಯಾಕೆ ಅಂತ ಕೇಳಲಿಲ್ಲ. ಹಮಾಲಿ ಚಹಾ ತಂದುಕೊಟ್ಟ, ಅವನದು ಅದೇ ಕೊರಳಪಟ್ಟಿ, ನಾನು ಕಿತ್ತ ಗುಂಡಿಯನ್ನು ಬೇರೆ ಬಣ್ಣದ ದಾರದಿಂದ ಹೊಲಿದಿದ್ದಾನೆ. ಅವನ ಹೆಸರು ಉಪೇಂದ್ರ ಅಂತ ಇವತ್ತು ಗೊತ್ತಾಯಿತು.

ನಳಿಗೆ ಪರೀಕ್ಷೆ ಆಯಿತು. ಆಕ್ಸಿಜನ್ ಕೊಟ್ಟಾಗ ಒತ್ತಡ ಇಳಿಯಿತಂತೆ. ನಾಳಗಳು ಪೂರ್ತಿ ಗಟ್ಟಿಯಾಗಿಲ್ಲ. ಮುಚ್ಚಬಹುದು. ಮುಚ್ಚುವ ತೇಪೆಯಲ್ಲಿ ಸಣ್ಣದೊಂದು ಕಿಂಡಿ ಬಿಡುತ್ತಾರೆ, ಒತ್ತಡ ಏರಿದರೆ ರಕ್ತಕ್ಕೆ ಅಷ್ಟು ದಾರಿ ಇರಲಿ ಅಂತ. ಇನ್ನು ಒಂದು ವರ್ಷ ತಡವಾಗಿದ್ದರೆ ಆಗುತ್ತಿರಲಿಲ್ಲ ಅಂದರಂತೆ. ಇದೆಲ್ಲ ಅವ್ವ ಫೋನಿನಲ್ಲಿ ಹೇಳಿದ್ದು. ವಿಜಯಶ್ರೀ ಪೊಲೀಸರಿಗೆ ಬರೆದುಕೊಟ್ಟಿದ್ದಾಳೆ. ನಾನು ಹೋಗಿ ಹೌದೆಂದು ಸಹಿ ಹಾಕಿ ಬಂದೆ.

“ಹಣಮಪ್ಪಗ ಮತ್ತ ಏನರ ಹರಕಿ ಹೊರಲೇನೋ?” ಅಂತ ಅವ್ವ ಕೇಳಿದಳು.

“ಬ್ಯಾಡ. ಫೈಲು ಒರಿಸಿ ವಿಜಯಶ್ರೀ ಕೈಯಾಗ ಕೊಡು.”

ಜುಲೈ ೩೧, ಸೋಮವಾರ

ಹನ್ನೊಂದು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ. ಬಸ್ಸಿನಲ್ಲಿ ಒಬ್ಬ ಕಾಲು ತುಳಿದ, ಇಳಿದು ಹೋದ.

ಆಗಸ್ಟ್ ೯, ಬುಧವಾರ

ಬೆಳಿಗ್ಗೆ ಏಳಕ್ಕೆ ಒಳಗೆ ಒಯ್ದರು, ಮಧ್ಯಾಹ್ನ ಎರಡಕ್ಕೆ ಹೊರಗೆ ತಂದರು. ಎದೆ ಸೀಳಿದ್ದಾರೆ. ನಾನು ಕೆಳಗಿನ ಅಂತಸ್ತಿನಲ್ಲಿದ್ದೆ. ಮೋಹನ ಮೆಟ್ಟಿಲಿಳಿದು ಬಂದು, ಮೂರು ಮೆಟ್ಟಿಲು ಮೇಲೆಯೇ ನಿಂತು ಹೇಳಿದ: “ಮುಚ್ಚ್ಯಾರ್ರಿ. ಉಸಿರಾಡಾಕತ್ತ್ಯಾಳ.” ಮುಂದಿನ ಹಲ್ಲು ಹೊಸದು ಹಾಕಿಸಿಕೊಂಡಿದ್ದಾನೆ. ನಾನು ತಲೆಯಾಡಿಸಿದೆ. ಅವನು ಹೋದ ಮೇಲೆ ಗೋಡೆಗೆ ಮುಖ ಹಚ್ಚಿ ಅತ್ತೆ.

ಆಗಸ್ಟ್ ೧೧, ಶುಕ್ರವಾರ

ಐದು ನಿಮಿಷ ನೋಡಬಹುದು ಅಂತ ವಿಜಯಶ್ರೀ ಹೇಳಿಕಳಿಸಿದಳು. ಪಿಂಕಿಯೇ ಕೇಳಿದಳಂತೆ, ಅಪ್ಪ ಎಲ್ಲಿ ಅಂತ. ಕೈ ತೊಳೆಸಿ, ಹಸಿರು ಅಂಗಿ ತೊಡಿಸಿ ಒಳಗೆ ಬಿಟ್ಟರು.

ಮಂಚದ ಮೇಲೆ ಇಷ್ಟೇ ಇಷ್ಟು ಕಂಡಳು. ಎದೆಯ ಮೇಲೆ ಉದ್ದಕ್ಕೆ ಪಟ್ಟಿ.

ತುಟಿ ಕೆಂಪಗಿತ್ತು. ಏಳು ವರ್ಷದಲ್ಲಿ ಅವಳ ತುಟಿಯ ಬಣ್ಣ ಅದು ಅಂತ ನನಗೆ ಗೊತ್ತೇ ಇರಲಿಲ್ಲ. ತಲೆಯ ಮೇಲಿನ ಟಿವಿಯಂಥ ಯಂತ್ರದಲ್ಲಿ ೯೬ ಇತ್ತು. ವಿಜಯಶ್ರೀ ಪಕ್ಕದಲ್ಲಿ ಕೂತಿದ್ದಳು, ಎರಡೂ ಕೈ ತೊಡೆಯ ಮೇಲಿದ್ದವು. ಬಲಗೈ ಇನ್ನೂ ಸ್ವಲ್ಪ ಸೊಟ್ಟ.

ಯುಗಾದಿಯ ದಿನ ಇಟ್ಟಂತೆ ಒಂದು ಸಲ ಎದೆಯ ಮೇಲೆ ಅಂಗೈ ಇಡಬೇಕು ಅನ್ನಿಸಿತು. ಮೆಲ್ಲಗೆ ಕೈ ಚಾಚಿದೆ. ಆಗ ಪಿಂಕಿ ಕಣ್ಣು ತೆರೆದಳು.

ಅಳಲಿಲ್ಲ, ಕಿವಿ ಮುಚ್ಚಿಕೊಳ್ಳಲಿಲ್ಲ. ನನ್ನ ಕೈ ನೋಡಿದಳು. ಆಮೇಲೆ ತನ್ನ ಬೆರಳು ನೋಡಿಕೊಂಡಳು, ಮಿಷನ್ ಇದೆಯೋ ಇಲ್ಲವೋ ಅಂತ. ಇತ್ತು. ಇದೆ ಅಂತ ನನಗೆ ಬೆರಳು ಎತ್ತಿ ತೋರಿಸಿದಳು.

೯೪. ೯೩. ೯೦.

ಯಂತ್ರ ಕೂಗತೊಡಗಿತು. ನರ್ಸು ಓಡಿ ಬಂದು “ಸಾರ್, ಬಯಟಕು ವೆಳ್ಳಂಡಿ” ಅಂದಳು. ಹೊರಗೆ ಹೋಗಿ ಅನ್ನುವುದನ್ನು ಅವಳು ತೆಲುಗಿನಲ್ಲಿ ಹೇಳಬೇಕಾಗಿಯೇ ಇರಲಿಲ್ಲ. ನಾನು ಹಿಂದಕ್ಕೆ ಹೆಜ್ಜೆ ಇಡುತ್ತಿದ್ದೆ. ಪರದೆಯ ಹತ್ತಿರ ಬಂದಾಗ ೯೨. ಬಾಗಿಲಲ್ಲಿ ೯೪. ಬಾಗಿಲು ಮುಚ್ಚಿಕೊಂಡಿತು. ಗಾಜಿನಾಚೆ ವಿಜಯಶ್ರೀ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಅಂಕಿ ಇಲ್ಲಿಂದಲೂ ಕಾಣಿಸುತ್ತದೆ.

ಖಾಲಿ ಫಾರಮ್ಮೊಂದು ಜೇಬಿನಲ್ಲಿತ್ತು. ಗೋಡೆಗೆ ಹಿಡಿದು ಬರೆದೆ.

ಆಗಸ್ಟ್ ೧೧. ಸಂಜೆ ಐದು ಗಂಟೆ ಹತ್ತು ನಿಮಿಷ. ೯೬. ಮಲಗಿದ್ದಳು. ನಾನು ಹೊರಗಿದ್ದೆ.